ಅಪ್ಪನ ಆಲ್ಬಂ: ಕಾಲರಾ ಪುಟದಲ್ಲಿ ಕುಟುಂಬ ಯೋಜನೆ ಸ್ಟಾಂಪ್ ಯಾಕಿದೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಮೊನ್ನೆ ಅಟ್ಟ ಖಾಲಿ ಮಾಡುವಾಗ ಅವರ ಸ್ಟಾಂಪ್ ಆಲ್ಬಂ ಸಿಕ್ಕಿತು. ಅದರಲ್ಲಿ ದೇಶ, ವರ್ಷ ಅಂತ ಯಾವ ಲೆಕ್ಕವೂ ಇಲ್ಲ. ಒಂದೊಂದು ಕಾಯಿಲೆಗೆ ಒಂದೊಂದು ಪುಟ. ಮೇಲೆ ಕೆಂಪು ಶಾಯಿಯಲ್ಲಿ ಕಾಯಿಲೆಯ ಹೆಸರು. ಮಿಕ್ಸ್ಚರ್ ಬಾಟಲಿಗೆ ಅಂಟಿಸುವ ಚೀಟಿ ಬರೆಯುತ್ತಿದ್ದ ಅದೇ ದುಂಡು ಅಕ್ಷರ.

ಮಲೇರಿಯಾ ಪುಟದಲ್ಲಿ 1962ರ 15 ನಯಾಪೈಸೆಯದು, ಆಮೇಲೆ ರೊನಾಲ್ಡ್ ರಾಸ್. ಪ್ಲೇಗಿನ ಪುಟದಲ್ಲಿ ಹಾಫ್ಕಿನ್. ಕ್ಷಯದ ಪುಟದಲ್ಲಿ ರಾಬರ್ಟ್ ಕಾಕ್, ಜೊತೆಗೆ ಬೆಲೆ ಇಲ್ಲದ ಏನೋ ಬಣ್ಣದ ಚೀಟಿಗಳು. ಕುಷ್ಠದ ಪುಟದಲ್ಲಿ ಹ್ಯಾನ್ಸೆನ್. ಎಲ್ಲರೂ ಆಯಾ ಕಾಯಿಲೆಯ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳು. ಇಷ್ಟು ಅರ್ಥವಾಯಿತು.

ಅರ್ಥವಾಗದ್ದು 'ವಾಂತಿಭೇದಿ' ಅಂತ ಬರೆದ ಪುಟ. ಅಲ್ಲಿರುವುದು ಒಂದೇ ಸ್ಟಾಂಪ್. 5 ಪೈಸೆಯ ಕೆಂಪು ಕುಟುಂಬ ಯೋಜನೆ ಸ್ಟಾಂಪ್, ಅದರ ಮೇಲೆ ಕಪ್ಪಗೆ 'ರೆಫ್ಯೂಜಿ ರಿಲೀಫ್' ಅಂತ ಅಚ್ಚು. ಕೆಳಗೆ ಪೆನ್ಸಿಲ್‌ನಲ್ಲಿ '3.5 – 2.5 – 1.5 – 20'. ಕಾಲರಾಗೂ ಕುಟುಂಬ ಯೋಜನೆಗೂ ಏನು ಸಂಬಂಧ? ಆ ಅಂಕಿಗಳು ಏನು?

ಇನ್ನೊಂದು ಪ್ರಶ್ನೆ. ಮುಂದಿನ ತಿಂಗಳು ನಮ್ಮೂರ ಲೈಬ್ರರಿಯಲ್ಲಿ ಇದನ್ನು ಜನರಿಗೆ ತೋರಿಸಬೇಕು ಅಂತಿದ್ದೇನೆ. ಗೊತ್ತಿರುವ ಒಬ್ಬರು, "ಹೀಗೆ ಕಾಯಿಲೆ ಪ್ರಕಾರ ಇಟ್ಟರೆ ಚೆನ್ನಾಗಿರಲ್ಲ, ಎಲ್ಲಾ ಬಿಚ್ಚಿ ವೈದ್ಯರ ಹೆಸರು, ವರ್ಷದ ಪ್ರಕಾರ ಜೋಡಿಸಿ ಲ್ಯಾಮಿನೇಟ್ ಮಾಡಿಸಿ" ಅಂದರು. ಮಾಡಿಸಲಾ?

ಹಳೇ ಅಂಚೆಯಣ್ಣ
ಮೇಡಂ, ಮೊದಲು ಇದನ್ನು ಓದಿ. ಲ್ಯಾಮಿನೇಟ್ ಮಾಡಿಸಬೇಡಿ! ಬಿಸಿಗೆ ಹಿಂದಿನ ಗೋಂದು ಕರಗಿ ಕಾಗದಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಅದು ಸ್ಟಾಂಪ್ ಅಲ್ಲ, ಪ್ಲಾಸ್ಟಿಕ್ ಚೂರು.

ಕಡಲೂರ ಮಾಣಿ
ಅಂಚೆಯಣ್ಣ ಹೇಳಿದ್ದು ನೂರಕ್ಕೆ ನೂರು ನಿಜ ಮಾರಾಯ್ರೇ. ಕೈಯಲ್ಲೂ ಮುಟ್ಟಬೇಡಿ, ಚಪ್ಪಟೆ ತುದಿಯ ಚಿಮುಟ ಬಳಸಿ. ನಮ್ಮ ಕಡೆ ಮಳೆಗಾಲದಲ್ಲಿ ಎರಡು ತಿಂಗಳು ಆಲ್ಬಂ ತೆರೆಯದಿದ್ದರೆ ಸ್ಟಾಂಪುಗಳಿಗೆ ಕಂದು ಚುಕ್ಕೆ ಬಂದಿರುತ್ತದೆ. ಆಲ್ಬಂ ಅನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ಪೋಸ್ಟ್‌ಮಾರ್ಕ್ ಪ್ರೇಮಿ
ಆ ಕೆಂಪು ಸ್ಟಾಂಪ್ ಬಗ್ಗೆ ನಾನು ಹೇಳುತ್ತೇನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ನಮ್ಮ ದೇಶಕ್ಕೆ ಬಂದರಲ್ಲ, ಅವರ ಖರ್ಚಿಗೆ ಅಂತ ಸರ್ಕಾರ ಅಂಚೆಯ ಮೇಲೆ 5 ಪೈಸೆ ಹೆಚ್ಚುವರಿ ತೆರಿಗೆ ಹಾಕಿತು. 1971ರ ನವೆಂಬರ್ 15ರಿಂದ ಶುರು. ಹೊಸ ಸ್ಟಾಂಪ್ ಮುದ್ರಿಸಲು ಸಮಯ ಇರಲಿಲ್ಲ. ಕೈಯಲ್ಲಿದ್ದ 5 ಪೈಸೆಯ ಕುಟುಂಬ ಯೋಜನೆ ಸ್ಟಾಂಪ್ ಮೇಲೆಯೇ ಅಚ್ಚು ಹಾಕಿ ಕೊಟ್ಟರು. ಬೆಂಗಳೂರು, ಜೈಪುರದಂಥ ಕಡೆ ಸ್ಥಳೀಯವಾಗಿಯೂ ಅಚ್ಚು ಹಾಕಿಸಿದ್ದರು. ಆದ್ದರಿಂದ ಅಕ್ಷರದ ಆಕಾರದಲ್ಲಿ ವ್ಯತ್ಯಾಸ ಇರುತ್ತದೆ. ನಿಮ್ಮದು ಯಾವುದು ಅಂತ ನೋಡಬೇಕು, ಹತ್ತಿರದಿಂದ ಒಂದು ಫೋಟೊ ಹಾಕಿ.

ಆದರೆ ಕಾಲರಾ ಪುಟಕ್ಕೆ ಯಾಕೆ ಹಾಕಿದ್ದಾರೋ ಗೊತ್ತಾಗಲಿಲ್ಲ. ತಪ್ಪಿ ಅಂಟಿಸಿರಬಹುದು.

ಮಕ್ಕಳ ಡಾಕ್ಟರ್
ತಪ್ಪಿ ಅಂಟಿಸಿದ್ದಲ್ಲ! ಆ ಅಂಕಿ ನೋಡಿ ನನಗೆ ಮೈ ಜುಮ್ಮೆಂದಿತು.

ಅದು ಓಆರ್‌ಎಸ್, ಅಂದರೆ ವಾಂತಿಭೇದಿ ಆದವರಿಗೆ ಕುಡಿಸುವ ನೀರಿನ ಲೆಕ್ಕ. ಒಂದು ಲೀಟರ್ ನೀರಿಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡ 2.5, ಪೊಟ್ಯಾಸಿಯಂ ಕ್ಲೋರೈಡ್ 1.5, ಗ್ಲೂಕೋಸ್ 20. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸೂತ್ರ. ಅಂದಿನ ಕಾಂಪೌಂಡರ್‌ಗಳಿಗೆ ಇದು ಬಾಯಿಪಾಠ.

ಈಗ ಸ್ಟಾಂಪಿಗೆ ಬನ್ನಿ. 1971ರ ಜೂನ್ ಹೊತ್ತಿಗೆ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಗಡಿ ಪಕ್ಕದ ಬನಗಾಂವ್‌ನಲ್ಲೇ ಮೂರೂವರೆ ಲಕ್ಷ ಜನ. ಆಸ್ಪತ್ರೆಯಲ್ಲಿ ಕಾಲರಾಕ್ಕೆ ಇದ್ದದ್ದು ಎರಡು ಕೋಣೆ, 16 ಹಾಸಿಗೆ. ಕೋಲ್ಕತ್ತದಿಂದ ಹೋದ ಡಾ. ದಿಲೀಪ್ ಮಹಾಲನಬಿಸ್ ರೋಗಿಗಳ ವಾಂತಿ, ಭೇದಿಯ ನಡುವೆ ಮಂಡಿಯೂರಿ ಡ್ರಿಪ್ ಹಾಕುತ್ತಿದ್ದರು. ಕೆಲವೇ ದಿನದಲ್ಲಿ ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿ ಕುಡಿಸುವುದೊಂದೇ ದಾರಿ ಉಳಿದದ್ದು. ಪುಡಿಯನ್ನು ಕೋಲ್ಕತ್ತದಲ್ಲಿ ತೂಕ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಇಸ್ತ್ರಿ ಪೆಟ್ಟಿಗೆಯಿಂದ ಬಾಯಿ ಅಂಟಿಸಿ ಕಳಿಸುತ್ತಿದ್ದರು. ಶಿಬಿರದಲ್ಲಿ ಡ್ರಮ್ಮಿಗೆ ಸುರಿದು ನೀರು ಬೆರೆಸುವುದು. ತಾಯಿ, ಅಣ್ಣ, ಅಜ್ಜಿ, ಯಾರಿದ್ದಾರೋ ಅವರೇ ಲೋಟದಲ್ಲಿ ಹಿಡಿದು ರೋಗಿಗೆ ಕುಡಿಸುವುದು. ನೂರಕ್ಕೆ ಸುಮಾರು 30 ಇದ್ದ ಸಾವು ಅವರ ಆರೈಕೆಯಲ್ಲಿ 4ಕ್ಕಿಂತ ಕೆಳಗೆ ಇಳಿಯಿತು.

ನಿಮ್ಮ ತಂದೆಗೆ ಆ ಸ್ಟಾಂಪ್ ಯಾಕೆ ಅಲ್ಲಿರಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ತುಂಗಾತೀರ
ಡಾಕ್ಟ್ರೇ, ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ನಾವು ಚಿಕ್ಕವರಿದ್ದಾಗ ಬೇಸಿಗೆ ಬಂತೆಂದರೆ ಅಪ್ಪ ಅಡುಗೆಮನೆ ಕಟ್ಟೆ ಮೇಲೆ ಕಾಗದ ಹಾಸಿ ಪುಡಿ ತೂಗುತ್ತಿದ್ದರು. ಆಸ್ಪತ್ರೆಯ ಪೊಟ್ಟಣ ಮುಗಿದಾಗ ಅಕ್ಕಪಕ್ಕದವರಿಗೆ ಕೊಡಲು. ಅದೇ ಇದು.

ಗಣಿತ ಮೇಷ್ಟ್ರು
ಒಂದು ತಿದ್ದುಪಡಿ. ಬನಗಾಂವ್‌ನಲ್ಲಿ ಬಳಸಿದ್ದು ಇದೇ ಲೆಕ್ಕ ಅಲ್ಲ. ಅಲ್ಲಿ ಗ್ಲೂಕೋಸ್ 22 ಗ್ರಾಂ, ಉಪ್ಪು 3.5, ಸೋಡ 2.5. ಪೊಟ್ಯಾಸಿಯಂ ಇರಲಿಲ್ಲ. 20 ಮತ್ತು 1.5 ಇರುವುದು ಆಮೇಲಿನ ಸೂತ್ರ.

ಇನ್ನೊಂದು. ತೆರಿಗೆ ಸ್ಟಾಂಪ್ ಬಂದದ್ದು ನವೆಂಬರ್‌ನಲ್ಲಿ, ಕಾಲರಾ ಉಲ್ಬಣಿಸಿದ್ದು ಜೂನ್‌ನಲ್ಲಿ. ಅಂದಮೇಲೆ ಆ 5 ಪೈಸೆಯಿಂದ ಬನಗಾಂವ್‌ನ ಉಪ್ಪು ಸೋಡ ಕೊಂಡರು ಅಂತ ಹೇಳುವ ಹಾಗಿಲ್ಲ. ಪ್ರದರ್ಶನದಲ್ಲಿ ಹಾಗೆ ಬರೆದರೆ ತಪ್ಪಾಗುತ್ತದೆ.

ಮಕ್ಕಳ ಡಾಕ್ಟರ್
ಎರಡೂ ಸರಿ ಮೇಷ್ಟ್ರೇ, ಒಪ್ಪಿದೆ. ದುಡ್ಡಿನ ಲೆಕ್ಕಕ್ಕೆ ಅವರು ಅದನ್ನು ಹಾಕಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಶಿಬಿರದಲ್ಲಿದ್ದ ಜನರನ್ನು ನೆನೆಯಲು ಹಾಕಿರಬೇಕು.

ಕರ್ನಾಪೆಕ್ಸ್ ಅಭಿಮಾನಿ
ಎಲ್ಲಾ ಸರಿ. ಆದರೂ ನಾನು ಆ ಗೊತ್ತಿರುವವರ ಪರ. ಪ್ರದರ್ಶನಕ್ಕೆ ಬರುವವರು ನಿಂತು ನೋಡುವುದು ಮುಖಗಳನ್ನು. ಡಾ. ಕೋಟ್ನಿಸ್ ಅವರನ್ನೇ ತೆಗೆದುಕೊಳ್ಳಿ. ಸೊಲ್ಲಾಪುರದ ಹುಡುಗ, 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, 1942ರಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಚೀನಾ 1982ರಲ್ಲಿ ಸ್ಟಾಂಪ್ ತಂದಿತು, ನಾವು 1993ರಲ್ಲಿ. ಅವರನ್ನು ಯಾವ ಕಾಯಿಲೆಯ ಪುಟಕ್ಕೆ ಹಾಕುತ್ತೀರಿ? ಬಿ.ಸಿ. ರಾಯ್ ಅವರನ್ನು? ವರ್ಷದ ಪ್ರಕಾರ ಇಟ್ಟರೆ ಎಲ್ಲರಿಗೂ ಜಾಗ ಸಿಗುತ್ತದೆ. ಮಕ್ಕಳಿಗೂ ಸುಲಭ.

ಸೊಳ್ಳೆಪರದೆ
ಒಪ್ಪಲ್ಲ ರೀ. ಮುಖದ ಲೆಕ್ಕ ಹಿಡಿದರೆ ಮುಖ ಇಲ್ಲದವರು ಬಿದ್ದೇಹೋಗುತ್ತಾರೆ. ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡರು. ನೂರು ವರ್ಷ ತುಂಬಿದಾಗ ಸ್ಟಾಂಪ್ ಬಂತು, ಸಂತೋಷ. ಆದರೆ ಆ ಸೊಳ್ಳೆಗೆ ರಕ್ತ ಕೊಟ್ಟ ರೋಗಿ ಹುಸೇನ್ ಖಾನ್. ಒಂದು ಸೊಳ್ಳೆ ಕಚ್ಚಿದರೆ ಒಂದಾಣೆ. ಚಳಿಜ್ವರದಲ್ಲಿ ನಡುಗುತ್ತಾ ಪರದೆಯೊಳಗೆ ಮಲಗಿ ಸೊಳ್ಳೆಗೆ ಮೈಯೊಡ್ಡಿದ ಮನುಷ್ಯ. ವೈದ್ಯರ ಪಟ್ಟಿ ಮಾಡಿದರೆ ಅವನು ಬರುವುದೇ ಇಲ್ಲ. 'ಮಲೇರಿಯಾ' ಅಂತ ಪುಟ ಮಾಡಿದರೆ ಪಕ್ಕದಲ್ಲಿ ಎರಡು ಸಾಲು ಅವನ ಬಗ್ಗೆ ಬರೆಯಲು ಜಾಗ ಇರುತ್ತದೆ.

ಅಂದಹಾಗೆ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಸೇನೆಯ ಡಾಕ್ಟರ್ ಆಗಿದ್ದರು. ಬಂಗಲೆಯ ಕಿಟಕಿ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು, ನೀರು ಚೆಲ್ಲಿಸಿದ ಮೇಲೆ ಕಾಟ ಕಡಿಮೆಯಾಯಿತು ಅಂತ ಗಮನಿಸಿದ್ದು ಇಲ್ಲೇ.

ಹಳೇ ಅಂಚೆಯಣ್ಣ
ಮಲೇರಿಯಾ ಅಂದರೆ ನಮ್ಮ ಇಲಾಖೆಯ ಪಾತ್ರವನ್ನೂ ಹೇಳಬೇಕು. ಸ್ಟಾಂಪ್ ಮಾರಿದ್ದಷ್ಟೇ ಅಲ್ಲ. ಬ್ರಿಟಿಷರ ಕಾಲದಲ್ಲಿ, 1892ರಿಂದ, ಬಂಗಾಳದ ಅಂಚೆ ಕಚೇರಿಗಳಲ್ಲಿ ಮಲೇರಿಯಾದ ಮದ್ದು ಕ್ವಿನೈನ್ ಪೊಟ್ಟಣ ಮಾರುತ್ತಿದ್ದರು. ಒಂದು ಪೈಸೆಗೆ ಒಂದು ಪೊಟ್ಟಣ. ಡಾಕ್ಟರೇ ಇಲ್ಲದ ಹಳ್ಳಿಗೂ ಪೋಸ್ಟ್ ಬರುತ್ತಿತ್ತಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕೇಳಿದಾಗ ನನಗೆ ನಮ್ಮ ಕೌಂಟರ್ ಬಗ್ಗೆಯೇ ಗೌರವ ಹೆಚ್ಚಾಯಿತು.

ಗಣಿತ ಮೇಷ್ಟ್ರು
1962ರ ಸ್ಟಾಂಪಿನ ಕೆಳಗೆ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕರೆಗೆ ನೂರಕ್ಕೂ ಹೆಚ್ಚು ದೇಶಗಳು ಮಲೇರಿಯಾ ನಿರ್ಮೂಲನೆಯ ಸ್ಟಾಂಪ್ ತಂದವು. ಆಗಿನ ಉತ್ಸಾಹ ಹಾಗಿತ್ತು. ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆದರೆ ಮುಗಿಯಿತು ಅನ್ನುವ ನಂಬಿಕೆ. ನಮ್ಮಲ್ಲಿ 1965ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷ ಪ್ರಕರಣಕ್ಕೆ ಇಳಿದದ್ದು ನಿಜ. 1976ರಲ್ಲಿ ಮತ್ತೆ 64 ಲಕ್ಷ! ಸ್ಟಾಂಪ್ ಮೇಲೆ ನಿರ್ಮೂಲನೆ ಅಂತ ಅಚ್ಚಾದದ್ದು ಹಾಗೇ ಉಳಿಯಿತು, ಕಾಯಿಲೆ ವಾಪಸ್ ಬಂತು. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಹೊಲದ ಬದು
ಡಿಡಿಟಿ ಹೊಡೆಯುವವರು ಬಂದರೆ ನಮ್ಮವ್ವ ಪಾತ್ರೆ ಎಲ್ಲಾ ಹೊರಗೆ ಹಾಕುತ್ತಿದ್ದಳು. ಹೊಡೆದು ಹೋಗುವಾಗ ಗೋಡೆ ಮೇಲೆ ತಾರೀಖು ಬರೆಯುತ್ತಿದ್ದರು. ಸುಣ್ಣ ಹೊಡೆದರೂ ಅದು ಮಸುಕಾಗಿ ಕಾಣುತ್ತಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಬಸವನಗುಡಿ ಅಜ್ಜಿಮನೆ
ಪ್ಲೇಗಿನ ಪುಟಕ್ಕೆ ನನ್ನದೊಂದು ಮಾತು. ಹಾಫ್ಕಿನ್ ಸ್ಟಾಂಪ್ 1964ರದು. ಮುಂಬೈಯಲ್ಲಿ ಪ್ಲೇಗು ಶುರುವಾದಾಗ ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಮನುಷ್ಯ. ಮರುವರ್ಷ ಪ್ಲೇಗು ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತಲೇ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆ ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದಳು. ಪ್ಲೇಗಮ್ಮನ ಗುಡಿಗೆ ಈಗಲೂ ಜನ ಹೋಗುತ್ತಾರೆ.

ಸೊಳ್ಳೆಪರದೆ
ಹಾಫ್ಕಿನ್ ಕಥೆ ಅಲ್ಲಿಗೇ ಮುಗಿಯಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯು ಬಂದು ಸತ್ತರು. ತಪ್ಪನ್ನು ಹಾಫ್ಕಿನ್ ತಲೆಗೆ ಕಟ್ಟಿ ಕೆಲಸದಿಂದ ದೂರ ಇಟ್ಟರು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಅನ್ನುವುದು ವಿಚಾರಣೆಯಲ್ಲಿ ಹೇಳಿದ್ದೇ ಆದರೂ ಕಳಂಕ ಹೋಗಲು ಐದು ವರ್ಷ ಬೇಕಾಯಿತು. ಅವರ ಪರವಾಗಿ ಪತ್ರಿಕೆಗೆ ಬರೆದು ಗಟ್ಟಿಯಾಗಿ ಹೋರಾಡಿದವರು ಯಾರು ಗೊತ್ತಾ? ಇದೇ ರೊನಾಲ್ಡ್ ರಾಸ್. ಮಲೇರಿಯಾ ಪುಟವನ್ನೂ ಪ್ಲೇಗಿನ ಪುಟವನ್ನೂ ಎದುರುಬದುರು ಇಡಿ ಅಕ್ಕಾ.

ಕಡಲೂರ ಮಾಣಿ
ಪ್ಲೇಗು, ಕಾಲರಾ ಅಂದಾಗ ನೆನಪಾಯಿತು. ಒಂದು ಪ್ರದರ್ಶನದಲ್ಲಿ ಮಾಲ್ಟಾ ದ್ವೀಪ ಹಾದುಬಂದ ಹಳೇ ಕಾಗದವೊಂದನ್ನು ನೋಡಿದ್ದೆ. ಸ್ಟಾಂಪ್ ಹುಟ್ಟುವ ಮುಂಚಿನದು. ಹಡಗಿನ ಟಪಾಲಿನಿಂದ ಸೋಂಕು ಬರುತ್ತದೆ ಅಂತ ಹೆದರಿ, ಕಾಗದಕ್ಕೆ ಉಳಿಯಿಂದ ಸೀಳು ಹಾಕಿ ಒಳಗೆ ಹೊಗೆ ಹಾಯಿಸುತ್ತಿದ್ದರು. ಕೆಲವು ಕಡೆ ವಿನೆಗರ್‌ನಲ್ಲಿ ಅದ್ದುತ್ತಿದ್ದರು. ಗಾಜಿನೊಳಗೆ ಆ ಎರಡು ಸೀಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅಕ್ಷರದ ನಡುವೆಯೇ ಕೊಯ್ದಿತ್ತು.

ಕರ್ನಾಪೆಕ್ಸ್ ಅಭಿಮಾನಿ
ಕ್ಷಯದ ಪುಟದಲ್ಲಿ ಬೆಲೆ ಇಲ್ಲದ ಬಣ್ಣದ ಚೀಟಿ ಅಂದಿರಲ್ಲ, ಅದರಲ್ಲಿ ಎರಡು ಅಡ್ಡಗೆರೆಯ ಶಿಲುಬೆ ಇದೆಯಾ? ಇದ್ದರೆ ಅವು ಟಿ.ಬಿ. ಸೀಲ್, ಅಂದರೆ ಕ್ಷಯದ ಕೆಲಸಕ್ಕೆ ದುಡ್ಡು ಎತ್ತಲು ಮಾರುವ ಚೀಟಿ. ಅವು ಅಂಚೆಚೀಟಿ ಅಲ್ಲ. ಅದನ್ನು ಮಾತ್ರ ಅಂಟಿಸಿದರೆ ಕಾಗದ ಹೋಗಲ್ಲ. ಸ್ಪರ್ಧೆಗೆ ಇಟ್ಟರೆ ತೀರ್ಪುಗಾರರು ಅಂಕ ಕಡಿಯಬಹುದು. ತೆಗೆದುಬಿಡಿ.

ತುಂಗಾತೀರ
ಹೌದು, ಶಿಲುಬೆ ಇದೆ. ಸ್ಪರ್ಧೆ ಅಲ್ಲ ಸರ್, ಊರ ಲೈಬ್ರರಿ ಅಷ್ಟೇ.

ಪೋಸ್ಟ್‌ಮಾರ್ಕ್ ಪ್ರೇಮಿ
ತೆಗೆಯಬೇಡಿ! ಆ ಸೀಲು ಹುಟ್ಟಿದ್ದೇ ಅಂಚೆ ಗುಮಾಸ್ತನ ತಲೆಯಲ್ಲಿ. ಡೆನ್ಮಾರ್ಕಿನ ಐನಾರ್ ಹೋಲ್ಬೋಲ್, ಕ್ರಿಸ್‌ಮಸ್ ಕಾಗದ ವಿಂಗಡಿಸುತ್ತಾ, ಒಂದೊಂದರ ಮೇಲೂ ಇನ್ನೊಂದು ಪುಟ್ಟ ಚೀಟಿ ಇದ್ದರೆ ಕ್ಷಯ ಬಂದ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಅಂತ ಯೋಚಿಸಿದರು. 1904ರಲ್ಲಿ ಮೊದಲ ಸೀಲು, ಅದೇ ವರ್ಷ 40 ಲಕ್ಷಕ್ಕೂ ಹೆಚ್ಚು ಮಾರಾಟ. 1907ರಲ್ಲಿ ಅಮೆರಿಕದ ಎಮಿಲಿ ಬಿಸೆಲ್ ಒಂದು ಚಿಕ್ಕ ಕ್ಷಯ ಆಸ್ಪತ್ರೆ ಉಳಿಸಲು 300 ಡಾಲರ್ ಬೇಕು ಅಂತ ಶುರು ಮಾಡಿ ಅದರ ಹತ್ತುಪಟ್ಟು ಎತ್ತಿದರು. ನಮ್ಮಲ್ಲಿ 1950ರಲ್ಲಿ ಶುರುವಾಯಿತು.

ಸ್ಟಾಂಪೇ ಬೇಕು ಅಂದರೂ ದುಡ್ಡಿನ ಕಥೆ ಇದೆ. 1897ರಲ್ಲಿ ನ್ಯೂ ಸೌತ್ ವೇಲ್ಸ್ ಒಂದು ಪೆನ್ನಿಯ ಸ್ಟಾಂಪನ್ನು ಹನ್ನೆರಡು ಪಟ್ಟು ಬೆಲೆಗೆ ಮಾರಿತು, ಉಳಿದದ್ದು ಕ್ಷಯರೋಗಿಗಳ ಮನೆಗೆ. 1938ರಲ್ಲಿ ಫ್ರಾನ್ಸ್ ಕ್ಯೂರಿ ದಂಪತಿಯ ಸ್ಟಾಂಪಿಗೆ ಹೆಚ್ಚುವರಿ ಬೆಲೆ ಹಾಕಿ ಕ್ಯಾನ್ಸರ್ ವಿರುದ್ಧದ ಕೆಲಸಕ್ಕೆ ಕೊಟ್ಟಿತು. ಅದು ಪಾಂಡಿಚೇರಿಯ ಫ್ರೆಂಚರ ಅಂಚೆಯಲ್ಲೂ ಬಂದಿತ್ತು. ಅಮೆರಿಕದ 1998ರ ಸ್ತನ ಕ್ಯಾನ್ಸರ್ ಸ್ಟಾಂಪ್ 8 ಕೋಟಿ ಡಾಲರ್‌ಗೂ ಹೆಚ್ಚು ಎತ್ತಿದೆ.

ಮೈಸೂರು ಮಲ್ಲಿಗೆ ಬೇಲಿ
ಸ್ಕೂಲಲ್ಲಿ ಆ ಸೀಲು ಹಂಚುತ್ತಿದ್ದರು. ನಾವು ಮನೆಮನೆಗೆ ಹೋಗಿ ಮಾರುತ್ತಿದ್ದೆವು. ನಮ್ಮ ಚಿಕ್ಕಜ್ಜ ಪಿ.ಕೆ. ಸ್ಯಾನಿಟೋರಿಯಂನಲ್ಲಿ ಎಂಟು ತಿಂಗಳು ಇದ್ದರು. ನಾಲ್ವಡಿಯವರ ತಂಗಿ ಕೃಷ್ಣಾಜಮ್ಮಣ್ಣಿ ಕ್ಷಯದಲ್ಲಿ ತೀರಿಕೊಂಡರು, ಆ ಆಸ್ಪತ್ರೆಗೆ ಅವರದೇ ಹೆಸರು. ಸೀಲು ತೆಗೆಯಬೇಡಿ ಅಕ್ಕಾ, ದಯವಿಟ್ಟು. ನಮ್ಮಂಥವರು ಬಂದು ಮೊದಲು ಗುರುತಿಸುವುದು ಅದನ್ನೇ.

ಸಿಡುಬಿನ ಪುಟ ಇಲ್ವಾ?

ತುಂಗಾತೀರ
ಇದೆ. ವಿಶ್ವಸಂಸ್ಥೆಯ 1978ರ ಸ್ಟಾಂಪ್ ಒಂದು. ಪಕ್ಕದಲ್ಲಿ 'ಮುಗಿಯಿತು' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಇಡೀ ಆಲ್ಬಂನಲ್ಲಿ ಅಪ್ಪ ಗೆರೆ ಎಳೆದದ್ದು ಅದೊಂದೇ ಪುಟಕ್ಕೆ.

ಮಕ್ಕಳ ಡಾಕ್ಟರ್
ಎಳೆಯಬೇಕಾದದ್ದೇ. ಸಹಜವಾಗಿ ಸಿಡುಬು ಬಂದ ಕೊನೆಯ ಮನುಷ್ಯ ಸೊಮಾಲಿಯಾದ ಆಸ್ಪತ್ರೆಯ ಅಡುಗೆಯವರು, ಅಲಿ ಮಾವ್ ಮಾಲಿನ್, 1977ರ ಅಕ್ಟೋಬರ್‌ನಲ್ಲಿ. ಅವರು ಬದುಕಿದರು. ಆಮೇಲೆ ಪೋಲಿಯೊ ಲಸಿಕೆ ಹಾಕಿಸಿ ಅಂತ ಊರೂರು ತಿರುಗಿದರು.

ಮೈಸೂರು ಮಲ್ಲಿಗೆ ಬೇಲಿ
ಮೈಸೂರು ಅರಮನೆಯ ಹೆಂಗಸರ ಒಂದು ಚಿತ್ರ ಇದೆ, ಥಾಮಸ್ ಹಿಕಿ 1805ರ ಸುಮಾರಿಗೆ ಬರೆದದ್ದು. ಮೂವರು ನಿಂತಿದ್ದಾರೆ. ಬಲಗಡೆಯವರು ಸೆರಗು ಸರಿಸಿ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾರೆ ಅನ್ನುತ್ತಾರೆ. ಅದು ಒಂದು ಸ್ಟಾಂಪ್ ಆಗಬೇಕು. ಎಷ್ಟು ಚೆನ್ನಾಗಿರುತ್ತೆ!

ಗಣಿತ ಮೇಷ್ಟ್ರು
ಚಿತ್ರ ಲಸಿಕೆಯ ಪ್ರಚಾರಕ್ಕೆ ಅನ್ನುವುದು ಒಬ್ಬ ಇತಿಹಾಸಕಾರರ ವಾದ. ಎಲ್ಲರೂ ಒಪ್ಪಿಲ್ಲ.

ಮೈಸೂರು ಮಲ್ಲಿಗೆ ಬೇಲಿ
ಒಪ್ಪದಿರಲಿ ಮೇಷ್ಟ್ರೇ. ಕಾಯಿಲೆಯ ಪುಟದಲ್ಲಿ ಹೆಂಗಸರೇ ಇಲ್ಲವಲ್ಲ, ಅದಕ್ಕೆ ಹೇಳಿದೆ.

ಹೊಲದ ಬದು
ಇದ್ದಾರೆ. 2022ರ ಜನವರಿ 16ರಂದು ಬಂದ ಕೋವಿಡ್ ಲಸಿಕೆಯ ಸ್ಟಾಂಪ್ ನೋಡಿ. ವಯಸ್ಸಾದವರೊಬ್ಬರಿಗೆ ಆರೋಗ್ಯ ಕಾರ್ಯಕರ್ತೆ ಸೂಜಿ ಹಾಕುತ್ತಿರುವ ಚಿತ್ರ. ನನ್ನ ಹೆಂಡತಿ ಆಶಾ ಕಾರ್ಯಕರ್ತೆ. ಆ ಸ್ಟಾಂಪನ್ನು ಫ್ರೇಮ್ ಹಾಕಿಸಿ ದೇವರ ಮನೆ ಪಕ್ಕ ಇಟ್ಟಿದ್ದೇವೆ.

ಕರ್ನಾಪೆಕ್ಸ್ ಅಭಿಮಾನಿ
ಆ ಸೂಜಿಯ ಸ್ಟಾಂಪ್ ವಾದದ ಮುಂದೆ ನನ್ನದು ನಿಲ್ಲಲ್ಲ. ಸರಿ, ಕಾಯಿಲೆ ಪ್ರಕಾರವೇ ಇರಲಿ. ಆದರೆ ಕೊನೆಗೆ ಒಂದು ಬೇರೆ ಪುಟ ಮಾಡಿ ಕೋಟ್ನಿಸ್ ಅವರಿಗೆ ಜಾಗ ಕೊಡಿ. ನನ್ನ ಹತ್ತಿರ ಎರಡು ಇವೆ, ಒಂದನ್ನು ಕಳಿಸುತ್ತೇನೆ. ಜೊತೆಗೆ ಸಂಗ್ರಹದ ಹೆಸರಿನ ಪುಟಕ್ಕೆ ಹಾವು ಸುತ್ತಿದ ಕೋಲು ಬರೆಯುವುದಾದರೆ ಒಂದೇ ಹಾವು ಬರೆಯಿರಿ. ಎರಡು ಹಾವು, ರೆಕ್ಕೆ ಇರುವುದು ಗ್ರೀಕರ ವ್ಯಾಪಾರದ ದೇವರು ಹರ್ಮೀಸ್‌ನದು. ವೈದ್ಯದ ದೇವರು ಅಸ್ಕ್ಲಿಪಿಯಸ್‌ನ ಕೋಲಿಗೆ ಒಂದೇ.

ಕಡಲೂರ ಮಾಣಿ
ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗವೇ 1902ರಿಂದ ಎರಡು ಹಾವು ಬಳಸುತ್ತಿದೆ ಅಲ್ವಾ?

ಕರ್ನಾಪೆಕ್ಸ್ ಅಭಿಮಾನಿ
ಬಳಸಲಿ, ತಪ್ಪು ತಪ್ಪೇ. ವಿಶ್ವ ಆರೋಗ್ಯ ಸಂಸ್ಥೆಯ ಚಿಹ್ನೆಯಲ್ಲಿ ಎಣಿಸಿ ನೋಡಿ.

ತುಂಗಾತೀರ
ಎಲ್ಲರಿಗೂ ಕೈಮುಗಿದೆ. ಅಪ್ಪ ಇಟ್ಟ ಹಾಗೇ ಇಡುತ್ತೇನೆ. ಸೀಲು ಇರುತ್ತದೆ. ಮಲೇರಿಯಾ, ಪ್ಲೇಗು ಎದುರುಬದುರು. ಹುಸೇನ್ ಖಾನ್ ಹೆಸರು ದೊಡ್ಡದಾಗಿ ಬರೆಸುತ್ತೇನೆ. ವಾಂತಿಭೇದಿ ಪುಟದ ಮುಂದೆ ಒಂದು ಮೇಜು ಹಾಕಿ ಅಪ್ಪನ ತಕ್ಕಡಿ ಇಡಬೇಕು ಅಂತ ಆಸೆ. ಹಿತ್ತಾಳೆಯದು, ಬಟ್ಟುಗಳೂ ಇವೆ. ಅರ್ಧ ಗ್ರಾಮಿನದು ಮಾತ್ರ ಸಿಗುತ್ತಿಲ್ಲ, ಹುಡುಕುತ್ತಿದ್ದೇನೆ.

ಪೋಸ್ಟ್‌ಮಾರ್ಕ್ ಸರ್, ಅಚ್ಚಿನ ಅಕ್ಷರ ಸ್ವಲ್ಪ ಓರೆಯಾಗಿ ಬಿದ್ದಿದೆ. ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ಇಟ್ಟು ಫೋಟೊ ಹಾಕುತ್ತೇನೆ.

ಪೋಸ್ಟ್‌ಮಾರ್ಕ್ ಪ್ರೇಮಿ
ಫ್ಲ್ಯಾಶ್ ಬೇಡ ಮೇಡಂ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ, ಅಕ್ಷರದ ಅಳತೆ ಬೇಕು.